ಹೊಸೊಸಾವಾ ತೊರೆಗೆ ಬಿಟ್ಟ ಮೀನು

ನೀರಿಗೆ ಮೀನು ಬಿಡುವುದು ತಪ್ಪು ಎಂದು ಯಾರಾದರೂ ಹೇಳಿದ್ದರೆ ವೇದವಲ್ಲಿ ನಂಬುತ್ತಿರಲಿಲ್ಲ. ತಿಪಟೂರಿನಲ್ಲಿ ಅವರು ಹುಟ್ಟಿ ಬೆಳೆದ ಬೀದಿಯ ಕೊನೆಗೆ ಒಂದು ಕಲ್ಯಾಣಿ ಇತ್ತು. ಅದರಲ್ಲಿದ್ದದ್ದು ದೇವರ ಮೀನು. ಮಕ್ಕಳು ಪುರಿ ಎರಚುತ್ತಿದ್ದರೇ ಹೊರತು ಹಿಡಿಯುವವರು ಯಾರೂ ಇರಲಿಲ್ಲ. ಮನೆಯಲ್ಲಿ ಯಾರಾದರೂ ಹಾಸಿಗೆ ಹಿಡಿದರೆ ಬೆಸ್ತರಿಂದ ಜೀವಂತ ಮೀನು ತಂದು ಅಲ್ಲಿ ಬಿಡುವುದು ಅವರ ಅಜ್ಜಿಯ ಕಾಲದಿಂದ ಬಂದ ಹರಕೆ. ಒಂದು ಜೀವ ಬಿಡಿಸಿದರೆ ಇನ್ನೊಂದು ಜೀವ ಉಳಿಯುತ್ತದೆ ಎಂಬ ನಂಬಿಕೆ.

ಇಂಥ ವೇದವಲ್ಲಿ ೨೦೨೦ರ ಫೆಬ್ರವರಿಯಲ್ಲಿ ಮಗಳು ಅಹಲ್ಯಾಳ ಎರಡನೇ ಬಾಣಂತನಕ್ಕೆಂದು ಜಪಾನಿಗೆ ಬಂದರು. ಅಳಿಯನಿಗೆ ಸಗಮಿಹಾರಾದಲ್ಲಿ ಕೆಲಸ. ಮನೆ ಮಾತ್ರ ಊರಿನ ಪಶ್ಚಿಮದ ಅಂಚಿನಲ್ಲಿ, ಬೆಟ್ಟ ಶುರುವಾಗುವ ಜಾಗದಲ್ಲಿತ್ತು. ಮೂರು ತಿಂಗಳಿದ್ದು ಹೋಗುವುದೆಂಬ ಲೆಕ್ಕ. ಅಷ್ಟರಲ್ಲಿ ಕೊರೋನಾ ಬಂತು, ವಿಮಾನ ನಿಂತಿತು, ವೀಸಾ ಮುಂದಕ್ಕೆ ಹೋಯಿತು. ಮಗು ಬೋರಲು ಬಿತ್ತು, ಅಂಬೆಗಾಲಿಟ್ಟಿತು. ಅಜ್ಜಿ ಅಲ್ಲೇ ಉಳಿದರು.

ಆ ಸೆಪ್ಟೆಂಬರಿನಲ್ಲಿ ತಿಪಟೂರಿನಿಂದ ಸುದ್ದಿ ಬಂತು. ಅವರ ಯಜಮಾನರು ರಾಮಪ್ರಸಾದರಿಗೆ ಉಸಿರು ಕಟ್ಟುತ್ತಿದೆ, ತುಮಕೂರಿನ ಆಸ್ಪತ್ರೆಗೆ ಸೇರಿಸಿದ್ದಾರೆ, ಆಕ್ಸಿಜನ್ ಹಾಕಿದ್ದಾರೆ. ಹೋಗಿ ಪಕ್ಕದಲ್ಲಿ ಕೂರುವ ಹಾಗಿಲ್ಲ. ಫೋನಿನಲ್ಲಿ ಕಾಣುತ್ತಿದ್ದುದು ಮಾಸ್ಕು, ಕೊಳವೆ ಮತ್ತು ಎರಡು ಕಣ್ಣು. ವೇದವಲ್ಲಿ ಊಟ ಬಿಟ್ಟರು.

ಹಿರಿಯ ಮೊಮ್ಮಗಳು ಕೃತಿಯನ್ನು ಆ ಭಾನುವಾರ ಅವರೊಬ್ಬರೇ ಬೆಟ್ಟದ ಬುಡದ ಮೀನುಕೊಳಕ್ಕೆ ಕರೆದುಕೊಂಡು ಹೋಗಿದ್ದರು. ಅಲ್ಲಿ ಗಾಳ ಕೊಡುತ್ತಾರೆ, ಹಿಡಿದ ಮೀನನ್ನು ಕಡ್ಡಿಗೆ ಚುಚ್ಚಿ ಉಪ್ಪು ಸವರಿ ಸುಟ್ಟುಕೊಡುತ್ತಾರೆ. ಬೇರೆಲ್ಲೂ ಹೋಗುವಂತಿರಲಿಲ್ಲವಾದ್ದರಿಂದ ಜನವೋ ಜನ. ಕೃತಿಯ ಗಾಳಕ್ಕೂ ಒಂದು ಮೀನು ಸಿಕ್ಕಿತು. ಅವಳು ಅದರ ಬಾಯಿ ನೋಡಿ ಅತ್ತಳು. ವೇದವಲ್ಲಿ ನೋಡಿದ್ದು ಬೆನ್ನನ್ನು. ಹಸಿರು ಬೆನ್ನಿನ ಮೇಲೆ ಯಾರೋ ಕೂತು ಬಿಡಿಸಿದಂತೆ ಎಳೆ ಎಳೆಯಾದ ರಂಗೋಲಿ. ಅವರಿಗೆ ಕಲ್ಯಾಣಿ ನೆನಪಾಯಿತು. ಬಕೆಟ್ಟಿನಲ್ಲಿ ನೀರು ಕೇಳಿ ಆ ಮೀನನ್ನು ಹಾಕಿಕೊಂಡರು. ಮನೆಗೊಯ್ದು ಹುರಿಯುತ್ತಾರೇನೋ ಎಂದುಕೊಂಡು ಕೊಳದವನು ತಲೆಬಾಗಿ ಕಳುಹಿಸಿದ.

ಕೊಳದ ಪಕ್ಕದಲ್ಲೇ ಹೊಸೊಸಾವಾ ತೊರೆ. ಅಲ್ಲಿ ಬಿಡೋಣವೆಂದರೆ ದಡದುದ್ದಕ್ಕೂ ಗಾಳ ಹಿಡಿದವರು. ಒಂದು ಕೈಯಿಂದ ಬಿಡಿಸಿ ಇನ್ನೊಂದು ಕೈಗೆ ಕೊಟ್ಟಂತಾಗುತ್ತದೆ. ಸ್ವಲ್ಪ ಮೇಲೆ ಒಂದು ಹಳೆಯ ಕಾಂಕ್ರೀಟಿನ ತಡೆ ಇತ್ತು, ಬೆಟ್ಟದ ಕಲ್ಲುಮಣ್ಣು ಊರಿಗೆ ನುಗ್ಗದಿರಲಿ ಎಂದು ಕಟ್ಟಿದ್ದು. ಅದರಾಚೆ ಯಾರೂ ಇಲ್ಲ. ವೇದವಲ್ಲಿ ಕೃತಿಯನ್ನು ಕೊಳದ ಬಳಿ ಕೂರಿಸಿ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಾಡಿನ ಕಾಲುದಾರಿ ಹತ್ತಿ, ತಡೆಯ ಮೇಲಿನ ತಣ್ಣನೆಯ ಮಡುವಿನಲ್ಲಿ ಮೀನನ್ನು ಬಿಟ್ಟರು. ಯಜಮಾನರ ಹೆಸರು ಹೇಳಿ ಕೈಮುಗಿದರು.

ಮರುದಿನ ಉಸಿರು ಸುಧಾರಿಸಿದೆ, ಹಾಕಿದ್ದ ಆಕ್ಸಿಜನ್ ಒಂದು ಪಾಯಿಂಟು ಇಳಿಸಿದರು ಎಂದು ಫೋನು ಬಂತು.

ಇನ್ನು ಕೇಳಬೇಕೆ. ಅಂದಿನಿಂದ ಪ್ರತಿ ಸೋಮವಾರ ಅಜ್ಜಿ ನೀಲಿ ಬಕೆಟ್ ಹಿಡಿದು ಹೊರಟರು, ಕೊಳದಲ್ಲಿ ಮೀನು ಕೊಂಡು ತಡೆಯ ಮೇಲಿನ ಮಡುಗಳಲ್ಲಿ ಬಿಡಲು. ಬೆಟ್ಟದ ಊಟೆಯಿಂದ ದೇವರಿಗೆ ನೀರು ತರುತ್ತಾರೆಂದು ಅಹಲ್ಯಾ ತಿಳಿದಿದ್ದಳು. ಪಕ್ಕದ ಮನೆಯ ಸುಗಿಮೊತೋ ಸಾನ್ ಕೂಡ ಹಾಗೇ ತಿಳಿದರು. ಎಂಬತ್ತರ ಹತ್ತಿರದ ಆ ಮುದುಕರು ತಮ್ಮ ಗಿಡದ, ಟೊಮೆಟೊದಂತೆ ಕಾಣುವ ಕಾಕಿ ಹಣ್ಣನ್ನು ಗೋಡೆಯ ಮೇಲಿಂದ ಕೊಡುವರು, ಇವರು ಚಕ್ಕುಲಿ ಕೊಡುವರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಬಕೆಟ್ ಹಿಡಿದ ಹೆಂಗಸು ಕಡಿದಾದ ಜಾಗದಲ್ಲಿ ಜಾರುವುದನ್ನು ಒಮ್ಮೆ ಕಂಡಿದ್ದರೇನೋ. ಮುಂದಿನ ಸೋಮವಾರ ಹೋದಾಗ ಮರದಿಂದ ಮರಕ್ಕೆ ಹಗ್ಗ ಕಟ್ಟಿತ್ತು, ಹಿಡಿದು ಹತ್ತಲು. ವೇದವಲ್ಲಿ ಗೋಡೆಯ ಬಳಿ ನಿಂತು ಅರಿಗಾತೋ ಎಂದು ಧನ್ಯವಾದ ಹೇಳಿದರು. ಅವರು ಕೈ ಅಲ್ಲಾಡಿಸಿ ನಕ್ಕರು.

ರಾಮಪ್ರಸಾದರು ಬದುಕಿ ಮನೆಗೆ ಬಂದರು. ಉಸಿರು ಪೂರ್ತಿ ಮರಳಲಿಲ್ಲ, ನಾಲ್ಕು ಮಾತಾಡಿದರೆ ನಿಲ್ಲಿಸಬೇಕು. ಆದರೂ ಇದ್ದರು. ವೇದವಲ್ಲಿಗೆ ಅಷ್ಟು ಸಾಕಾಗಿತ್ತು. ಆ ಮಡುಗಳಲ್ಲಿ ಮೀನು ಆಡುವವರೆಗೆ ಮನೆಯಲ್ಲಿ ಅವರು ಉಸಿರಾಡುತ್ತಾರೆ ಎಂಬುದು ಅವರ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿತು. ಯಾರಿಗೂ ಹೇಳಲಿಲ್ಲ. ಹರಕೆ ಬಾಯಿಬಿಟ್ಟರೆ ಹೋಯಿತು.

ಮರುವರ್ಷದ ಅಕ್ಟೋಬರ್. ಪ್ರೇರಣಾ ಎಂಬ ಹುಡುಗಿ ಮನೆಗೆ ಬಂದಳು. ಮೈಸೂರಿನವಳು, ತೊರೆಯ ಮೀನುಗಳ ಮೇಲೆ ಪಿಎಚ್‌ಡಿ ಮಾಡುತ್ತಿದ್ದಳು. ಸೋಂಕು ಇಳಿದು ಹೋಗಿಬರುವುದು ಶುರುವಾದಾಗಿನಿಂದ ಉಪ್ಪಿಟ್ಟಿನ ಆಸೆಗೆ ಆಗಾಗ ಬರುವಳು. ಅವತ್ತು ತಟ್ಟೆ ಮುಂದಿಟ್ಟರೂ ಕೈ ಹಾಕಲಿಲ್ಲ.

"ಯಾಕ್ ಮಗಾ, ಉಪ್ಪು ಜಾಸ್ತಿ ಆಗಿದ್ಯಾ?"

"ಇಲ್ಲ ಆಂಟಿ. ನಮ್ಮ ತೊರೆ ಕತೆ ಮುಗೀತು ಅನ್ಸುತ್ತೆ."

ಅವಳು ಹೇಳಿದ್ದು ಇಷ್ಟು. ಈ ಬೆಟ್ಟದ ಸ್ವಂತ ಮೀನು ಇವಾನಾ. ಕಪ್ಪು ಬೆನ್ನು, ಪಕ್ಕದಲ್ಲಿ ಕಿತ್ತಳೆ ಚುಕ್ಕಿ. ಸಾವಿರಾರು ವರ್ಷಗಳಿಂದ ಈ ತಣ್ಣೀರನ್ನೇ ನಂಬಿ ಬದುಕಿದ್ದು. ಮೊದಲು ಕಾಡು ಕಡಿದು ದೇವದಾರು ನೆಟ್ಟರು, ಆಮೇಲೆ ರಸ್ತೆ ಬಂತು, ಬೇಸಿಗೆ ಬಿಸಿಯಾಯಿತು, ಚಂಡಮಾರುತದ ಮಳೆ ಮಡುಗಳಲ್ಲಿ ಕಲ್ಲು ತುಂಬಿತು. ಕೆಳಗಿನ ತೊರೆಯಲ್ಲಿ ಈಗಿರುವುದೆಲ್ಲ ಹೊರಗಿನಿಂದ ತಂದು ಬಿಟ್ಟ ಮೀನು. ಆ ಕಾಂಕ್ರೀಟಿನ ತಡೆಯನ್ನು ಯಾವ ಮೀನೂ ಹತ್ತಲಾರದು. ಹಾಗಾಗಿ ಅದರ ಮೇಲ್ಗಡೆ ಮಾತ್ರ ಹಳೆಯ ವಂಶ ಉಳಿದಿತ್ತು. ಸುಗಿಮೊತೋ ಸಾನ್ ಮತ್ತು ತೊರೆಯ ಮೀನುಗಾರಿಕೆ ನೋಡಿಕೊಳ್ಳುವ ನದಿ ಸಂಘದ ಹಿರಿಯರು ಅದನ್ನು ಕಾಯುತ್ತ ಬಂದಿದ್ದರು.

ಪ್ರೇರಣಾ ಫೋನಿನಲ್ಲಿ ಫೋಟೋ ತೋರಿಸಿದಳು. ಹಸಿರು ಬೆನ್ನು, ಎಳೆ ಎಳೆಯಾದ ರಂಗೋಲಿ. ವೇದವಲ್ಲಿ ಕನ್ನಡಕ ಸರಿಮಾಡಿಕೊಂಡರು.

"ಇದು ಬ್ರೂಕ್ ಟ್ರೌಟ್ ಆಂಟಿ. ಅಮೆರಿಕದ ಕಡೇದು. ತಡೆ ಮೇಲ್ಗಡೆ ಸಿಕ್ತು. ತಾನಾಗೇ ಹೋಗಕ್ಕೆ ಚಾನ್ಸೇ ಇಲ್ಲ. ಯಾರೋ ಕೈಯಾರೆ ಹೊತ್ಕೊಂಡು ಹೋಗಿ ಬಿಟ್ಟಿದಾರೆ."

"ಬಿಟ್ರೆ ಏನಾಯ್ತು ಈಗ? ಇರೋ ಮೀನಿನ ಜೊತೆ ಇನ್ನಷ್ಟು ಮೀನು. ನೀರೇನು ಖರ್ಚಾಗುತ್ತಾ?"

"ಜಾಸ್ತಿ ಆಗಲ್ಲ ಆಂಟಿ, ಕಮ್ಮಿ ಆಗುತ್ತೆ. ಎರಡೂ ಒಂದೇ ಕಾಲಕ್ಕೆ ಮೊಟ್ಟೆ ಇಡ್ತವೆ, ಒಂದೇ ಥರದ ಜಲ್ಲಿ ಕಲ್ಲಲ್ಲಿ. ಇಲ್ಲಿನ ಹೆಣ್ಣಿಗೆ ಅಲ್ಲಿನ ಗಂಡು ಕೂಡುತ್ತೆ. ಹುಟ್ಟೋ ಮರಿ ಇದೂ ಅಲ್ಲ, ಅದೂ ಅಲ್ಲ. ಅದರ ಸಂತಾನ ಸರಿಯಾಗಿ ಬೆಳೆಯಲ್ಲ. ವರ್ಷಕ್ಕೊಂದೇ ಸಲ ಮೊಟ್ಟೆ ಇಡೋ ಮೀನು. ಆ ವರ್ಷ ಹೋಯ್ತು ಅಂತ್ಲೇ. ಕೊಳದ ಮೀನಿನ ಜೊತೆ ರೋಗ ಬೇರೆ ಹೋಗಿರುತ್ತೆ."

"ಅವನ್ನೂ ದೇವ್ರೇ ಅಲ್ವಾ ಹುಟ್ಸಿದ್ದು?"

"ಹೌದು ಆಂಟಿ. ಆದ್ರೆ ಇಲ್ಲಿ ಹುಟ್ಸಲಿಲ್ಲ."

ವೇದವಲ್ಲಿ ಉಪ್ಪಿಟ್ಟಿನ ಬಾಣಲೆ ಮುಚ್ಚಿದರು, ಮತ್ತೆ ತೆಗೆದರು. ಬರುವ ಭಾನುವಾರ ಸಂಘದವರೆಲ್ಲ ಸೇರಿ, ಬೆನ್ನಿಗೆ ಬ್ಯಾಟರಿ ಕಟ್ಟಿಕೊಂಡು, ನೀರಿಗೆ ಸಣ್ಣ ಕರೆಂಟು ಕೊಟ್ಟು, ಮೀನನ್ನು ಮಂಕುಮಾಡಿ ಹಿಡಿಯುತ್ತಾರಂತೆ. ಎಲ್ಲೆಲ್ಲಿ ಬಿಟ್ಟರೆಂದು ಗೊತ್ತಿದ್ದರೆ ಬೇಗ ಮುಗಿಯುತ್ತಿತ್ತು, ಈ ವರ್ಷದ ಮೊಟ್ಟೆಯಾದರೂ ಉಳಿಯುತ್ತಿತ್ತು ಎಂದಳು ಪ್ರೇರಣಾ.

"ಹಿಡ್ದು ಏನ್ಮಾಡ್ತೀರಿ?"

"ಸಾಯಿಸ್ಬೇಕು. ವಾಪಸ್ ಬಿಡೋ ಹಾಗಿಲ್ಲ."

ಅಹಲ್ಯಾ ಮಗುವಿಗೆ ತುತ್ತು ಕೊಡುತ್ತ ಕೂತಿದ್ದವಳು ತಾಯಿಯ ಮುಖ ನೋಡಿದಳು. ಆಮೇಲೆ ಬಾಲ್ಕನಿಯಲ್ಲಿದ್ದ ನೀಲಿ ಬಕೆಟ್ ನೋಡಿದಳು. ಪ್ರೇರಣಾ ಹೋದ ಮೇಲೆ ಬಾಗಿಲು ಹಾಕಿ ಬಂದಳು.

"ಅಮ್ಮಾ, ನೀನು ನೀರು ತರಕ್ಕೆ ಹೋಗ್ತಿರ್ಲಿಲ್ಲ ಅಲ್ವಾ?"

ವೇದವಲ್ಲಿ ಎಲ್ಲ ಹೇಳಿದರು. ಹೇಳಿ, ಜಾಗ ಮಾತ್ರ ತೋರಿಸಲಾರೆ ಎಂದರು. ಅಪ್ಪನ ಜೀವ ಅಲ್ಲಿದೆ, ನಾನಾಗಿ ಕೊಲ್ಲಿಸಲೇನೇ ಎಂದು ಅತ್ತರು. ಅಹಲ್ಯಾ ವಾದ ಮಾಡಲಿಲ್ಲ. ತಿಪಟೂರಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ತಾಯಿಯ ಕೈಗೆ ಕೊಟ್ಟಳು.

ರಾಮಪ್ರಸಾದರು ನಡುವೆ ಬಾಯಿ ಹಾಕದೆ ಕೇಳಿದರು. ಆಮೇಲೆ ನಿಂತು ನಿಂತು ಮಾತಾಡಿದರು.

"ನಾನು ಬದ್ಕಿದ್ದು ಸಿಲಿಂಡರಿಂದ ಕಣೇ... ರಾತ್ರಿ ಎಲ್ಲ ಬಟ್ಟೆ ಬದಲಾಯಿಸ್ತಿದ್ಳಲ್ಲ, ಆ ನರ್ಸಿಂದ... ಮೀನಿನ ತಲೆ ಮೇಲೆ ನನ್ನ ಯಾಕೆ ಕೂರಿಸ್ತೀಯ?"

"ಅವು ಹೋದ ಮೇಲೆ ನಿಮಗೇನಾದ್ರೂ ಆದ್ರೆ?"

"ಆದ್ರೆ ಆಗುತ್ತೆ. ವಯಸ್ಸಾಗಿದೆ, ಆಗ್ಲೇಬೇಕು." ಉಸಿರು ತೆಗೆದುಕೊಂಡರು. "ನನ್ನ ಹೆಸ್ರಲ್ಲಿ... ಯಾವುದೋ ವಂಶ ನಿರ್ವಂಶ ಆಯ್ತು ಅನ್ನೋದು ಬೇಡ. ಹೋಗಿ ತೋರ್ಸು."

ಭಾನುವಾರ ವೇದವಲ್ಲಿ ಎಲ್ಲರಿಗಿಂತ ಮುಂದೆ ಹಗ್ಗ ಹಿಡಿದು ಹತ್ತಿದರು. ಕೈಯಲ್ಲಿ ಬಕೆಟ್ ಇರಲಿಲ್ಲ. ಮೊದಲ ಮಡು, ಬಂಡೆಯ ಹಿಂದಿನ ಮಡು, ಉರುಳಿದ ಮರದ ಕೆಳಗಿನದು, ಒಂದೊಂದನ್ನೇ ಬೆರಳು ಮಾಡಿ ತೋರಿಸಿದರು. ಸುಗಿಮೊತೋ ಸಾನ್ ಕಡೆ ತಿರುಗಿ, ಸುಮಿಮಾಸೆನ್ ಎಂದು ಕ್ಷಮೆ ಕೇಳಿದರು. ಉಳಿದದ್ದನ್ನು ಕನ್ನಡದಲ್ಲಿ ಹೇಳಿದರು. ಪ್ರೇರಣಾ ತಲೆ ತಗ್ಗಿಸಿಕೊಂಡು ಅದನ್ನು ಜಪಾನಿ ಭಾಷೆಯಲ್ಲಿ ಹೇಳಿದಳು. ಮುದುಕರು ಕೇಳಿಸಿಕೊಂಡು ಕೆಲಸಕ್ಕಿಳಿದರು.

ಹೊತ್ತು ಮಧ್ಯಾಹ್ನಕ್ಕೆ ತಿರುಗುವವರೆಗೂ ಹಿಡಿದರು. ದೊಡ್ಡ ಬ್ರೂಕ್ ಟ್ರೌಟ್‌ಗಳು ಸಿಕ್ಕವು. ಅವು ಸಿಗುತ್ತವೆಂದು ಗೊತ್ತಿತ್ತು. ಗೊತ್ತಿಲ್ಲದಿದ್ದದ್ದು ಬೆರಳುದ್ದದ ಮರಿಗಳ ವಿಷಯ. ಬಿಳಿ ಟಬ್ಬಿನಲ್ಲಿ ಹಾಕಿ ನೋಡಿದರೆ ಒಂದೊಂದು ಮರಿಯ ಬೆನ್ನ ಮೇಲೂ ಅರ್ಧ ಅಳಿಸಿದಂಥ ರಂಗೋಲಿ. ಕಪ್ಪು ಬೆನ್ನಿನ ಮರಿ ಒಂದೂ ಇಲ್ಲ. ಹಳೆಯ ವಂಶದ್ದು ಎಂದು ಸಿಕ್ಕಿದ್ದು ಒಂದು ವಯಸ್ಸಾದ ಹೆಣ್ಣು ಮೀನು. ಹೊಟ್ಟೆ ತುಂಬ ಮೊಟ್ಟೆ. ಜೊತೆಗೊಂದು ಗಂಡು ಸಿಕ್ಕೀತೆಂದು ತೊರೆಯ ಮೂಲದವರೆಗೂ ಹೋದರು. ಸಿಗಲಿಲ್ಲ.

"ಇನ್ನೇನೂ ಮಾಡಕ್ಕಾಗಲ್ವಾ?" ಎಂದು ವೇದವಲ್ಲಿ ಕೇಳಿದರು.

ಮುಂದಿನ ವರ್ಷವೂ ಹಿಡಿಯುತ್ತೇವೆ, ಅದರ ಮುಂದಿನ ವರ್ಷವೂ ಎಂದಳು ಪ್ರೇರಣಾ. ಆಮೇಲೆ, "ಹೋದದ್ದು ಬರಲ್ಲ ಆಂಟಿ. ನಿಮ್ಮಿಂದ ಒಬ್ರಿಂದ್ಲೇ ಆಗಿದ್ದಲ್ಲ. ಕಾಡು, ರೋಡು, ಬಿಸಿಲು, ಎಲ್ಲ ಸೇರಿ ಈ ಕಡೆ ತುದಿವರೆಗೂ ತಂದು ನಿಲ್ಸಿತ್ತು," ಎಂದಳು. ಕೊನೆಗೆ ತಳ್ಳಿದವರು ಯಾರೆಂದು ಅವಳು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಸುಗಿಮೊತೋ ಸಾನ್ ಆ ಹೆಣ್ಣು ಮೀನನ್ನು ಎರಡೂ ಕೈಯಲ್ಲಿ ನೀರಿಗೆ ಇಳಿಸಿ, ಅದು ಬಂಡೆಯ ಕೆಳಗೆ ಸರಿಯುವವರೆಗೆ ಕುಕ್ಕರಗಾಲಿನಲ್ಲೇ ಕೂತಿದ್ದರು. ಏಳುವಾಗ ಏನೋ ಹೇಳಿದರು. ವೇದವಲ್ಲಿ ಪ್ರೇರಣಾಳ ಕಡೆ ತಿರುಗಿದರು.

"ಏನಂದ್ರು? ಬೈದ್ರಾ? ಬೈಲಿ, ಹೇಳಮ್ಮ."

"'ಹಗ್ಗ ಕಟ್ಟಿದ್ದು ನಾನಲ್ವಾ' ಅಂದ್ರು ಆಂಟಿ."

ಆ ಮಾತಿಗಿಂತ ಬೈಗುಳವೇ ಹಗುರವಾಗಿರುತ್ತಿತ್ತು. ಆ ವರ್ಷವೂ ಗೋಡೆಯ ಮೇಲಿಂದ ಕಾಕಿ ಹಣ್ಣು ಬಂತು. ವೇದವಲ್ಲಿಗೆ ತಿನ್ನಲಾಗಲಿಲ್ಲ.

ಅವರು ಊರಿಗೆ ಹೊರಡುವ ಮುಂಚೆ ಒಂದು ಸಂಗತಿ ನಡೆಯಿತು. ಕೆಲಸ ಬಿಟ್ಟು ಬೆಂಗಳೂರಿಗೆ ವಾಪಸಾಗುತ್ತಿದ್ದ ಕನ್ನಡದ ಸಂಸಾರವೊಂದು, ಮನೆಯ ಗಾಜಿನ ತೊಟ್ಟಿಯ ಮೀನು ಮತ್ತು ಆಮೆಯನ್ನು ಪಾರ್ಕಿನ ಕೊಳಕ್ಕೆ ಬಿಡುತ್ತೇವೆ, ಪಾಪ, ಆರಾಮಾಗಿ ಇರಲಿ ಎಂದಿತು. ವೇದವಲ್ಲಿ ಆ ಮನೆಯ ಹೆಂಗಸಿನ ಕೈ ಹಿಡಿದುಕೊಂಡರು. ಬಿಡಬೇಡಮ್ಮಾ, ಸಾಕುವವರನ್ನು ಹುಡುಕಿ ಕೊಡು, ನಾನು ಬಿಟ್ಟು ನೋಡಿದ್ದೇನೆ ಎಂದರು. ಅಹಲ್ಯಾ ನಾಲ್ಕು ಕಡೆ ಫೋನು ಮಾಡಿ ಸಾಕುವ ಮನೆ ಹುಡುಕಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಕರುಣೆ ಒಳ್ಳೆಯದೇ. ಆದರೆ ಅದು ಯಾರ ಮನೆಯ ಬಾಗಿಲು ಒಡೆಯುತ್ತದೆ ಎಂದು ಮೊದಲು ಕೇಳಿ. ಕೊಳದಿಂದ, ಅಂಗಡಿಯಿಂದ, ಇನ್ನೊಂದು ಹೊಳೆಯಿಂದ ತಂದ ಮೀನನ್ನು ಯಾವ ತೊರೆಗೂ ಬಿಡಬೇಡಿ. ಹರಕೆಗಾಗಲಿ, ಮಕ್ಕಳ ಖುಷಿಗಾಗಲಿ, ಬೇಡ. ಸಾಕಲಾಗದ್ದನ್ನು ಸಾಕುವವರಿಗೆ ಕೊಡಿ. ಒಂದು ತೊರೆಗಿಳಿದ ಬೂಟು, ಬಲೆಗಳನ್ನು ತೊಳೆದು ಒಣಗಿಸದೆ ಇನ್ನೊಂದಕ್ಕೆ ಇಳಿಸಬೇಡಿ. ಗಾಳ ಹಾಕುವ ಮುನ್ನ ಅಲ್ಲಿನ ನದಿ ಸಂಘದ ಅನುಮತಿ ಪಡೆಯಿರಿ, ಮೊಟ್ಟೆ ಇಡುವ ಕಾಲದಲ್ಲಿ ಮೀನಿನ ತಂಟೆಗೆ ಹೋಗಬೇಡಿ. ಭಾಷೆ ಬಾರದಿದ್ದರೆ ಬರುವವರನ್ನು ಕರೆದುಕೊಂಡು ಹೋಗಿ ಕೇಳಿ.

ಹೊಸೊಸಾವಾ ದಾರಿಯಲ್ಲಿ ಆ ಹಗ್ಗ ಈಗಲೂ ಇದೆ. ಹತ್ತಿ ಹೋದರೆ ನೋಡಲು ಅಲ್ಲಿ ಹೆಚ್ಚೇನೂ ಉಳಿದಿಲ್ಲ. ನಿಮ್ಮ ಮನೆಯ ಹತ್ತಿರದ ತೊರೆಯಲ್ಲಿ ಅಲ್ಲಿನ ಹಳೆಯ ವಂಶ ಇನ್ನೂ ಉಳಿದಿರಬಹುದು. ನಿಮ್ಮ ಕೈಯಲ್ಲಿ ಬಕೆಟ್ ಇದ್ದರೆ, ದಯವಿಟ್ಟು ಅದನ್ನು ಅಲ್ಲೇ ಕೆಳಗಿಡಿ.