ಅತ್ತೆಯ ರುಬಾರ್ಬ್

ಪೆರಿಗ್ರಿನ್ ಹಾರ್ಕೋರ್ಟ್ ಸಾಹೇಬರು ಬ್ಯಾರಿಸ್ಟರು. ಮೂವತ್ತೊಂದು ವರ್ಷದಿಂದ ನಾನು ಅವರ ಗುಮಾಸ್ತ. ಗೋಡೆ ಬಿರುಕು ಬಿಟ್ಟದ್ದು, ಪಕ್ಕದವರ ಮರದ ಬೇರು ಮೋರಿಗೆ ನುಗ್ಗಿದ್ದು, ಈಚೆಗೆ ಹತ್ತು ವರ್ಷದಿಂದ ಜಪಾನಿ ಕಳೆ, ಇವೇ ಅವರ ಅನ್ನ. ಅದರ ಬೇರು ಎಷ್ಟು ಕಿತ್ತರೂ ಸಾಯದು, ಗೋಡೆಯ ಬುಡಕ್ಕೇ ನುಗ್ಗುತ್ತದೆ. ಆ ಕಳೆ ಹಿತ್ತಲಲ್ಲಿ ಕಾಣಿಸಿತೆಂದರೆ ಮುಗಿಯಿತು, ಆ ಮನೆಗೆ ಬ್ಯಾಂಕು ಸಾಲ ಕೊಡುವುದಿಲ್ಲ, ಕೊಳ್ಳುವವನು ತಿರುಗಿಯೂ ನೋಡುವುದಿಲ್ಲ. ಜನರ ಪಾಲಿಗೆ ಪೀಡೆ, ನಮ್ಮ ಸಾಹೇಬರ ಪಾಲಿಗೆ ಹಬ್ಬ.

ಕೋರ್ಟಿನಲ್ಲಿ ಅವರ ಗತ್ತು ನೋಡಬೇಕು. ಗಂಟಲು ಸರಿಮಾಡಿಕೊಳ್ಳುವುದಕ್ಕೇ ಎರಡು ನಿಮಿಷ. ಆದರೆ ಫೈಲು ಓದುವುದೊಂದು ಅವರಿಗೆ ಆಗಿಬರದು. ಮೊದಲಿನ ಹತ್ತು ಪುಟ, ಕೊನೆಯ ಎರಡು ಪುಟ, ಅಷ್ಟೇ. ನಡುವಿನದನ್ನೆಲ್ಲ ನಾನು ಓದಿ, ಮುಖ್ಯವಾದ ಕಡೆ ಹಳದಿ ಚೀಟಿ ಅಂಟಿಸಿಡಬೇಕು. ಹೆಸರು ಅವರದು, ಕಣ್ಣು ನನ್ನದು.

ಈ ಸಲ ಅವರ ಎದುರು ನಿಂತವಳು ನೋರಾ ಬ್ರಾಡ್‌ಬೆಂಟ್, ಎಪ್ಪತ್ತೆಂಟರ ವಿಧವೆ. ಗಂಡ ತೀರಿಕೊಂಡ ಮೇಲೆ ವೇಕ್‌ಫೀಲ್ಡಿನ ಮನೆ ಮಾರಿ ಎರಡು ಕೋಣೆಯ ಫ್ಲ್ಯಾಟಿಗೆ ಬಂದಿದ್ದಳು. ಮನೆ ಮಾರುವಾಗ ತುಂಬುವ ಫಾರಂನಲ್ಲಿ ಒಂದು ಪ್ರಶ್ನೆ ಇರುತ್ತದೆ. ಜಪಾನಿ ಕಳೆ ಇದೆಯೇ? ಹೌದು, ಇಲ್ಲ, ಗೊತ್ತಿಲ್ಲ, ಹೀಗೆ ಮೂರು ಚೌಕ. ಬುದ್ಧಿ ಇದ್ದವರು ಕಣ್ಣುಮುಚ್ಚಿ 'ಗೊತ್ತಿಲ್ಲ' ಎಂದು ಗುರುತು ಹಾಕುತ್ತಾರೆ. ಈಕೆ 'ಇಲ್ಲ' ಎಂದು ಹಾಕಿದ್ದಳು, ಅದೂ ಹಾಳೆಯ ಹಿಂಬದಿಗೆ ಅಚ್ಚು ಮೂಡುವಷ್ಟು ಒತ್ತಿ. ಮನೆ ಕೊಂಡ ಡಂಕನ್ ಪ್ರೈಸ್ ಎಂಬಾತನಿಗೆ ಎರಡನೇ ವಸಂತದಲ್ಲಿ ಗೊತ್ತಾಯಿತು, ಹಿಂದಿನ ಗೋಡೆಯ ಬಳಿ ಬೆಳೆದು ನಿಂತದ್ದು ಅದೇ ಕಳೆ ಎಂದು. ಮುದುಕಿ ಬೇಕೆಂದೇ ಸುಳ್ಳು ಹೇಳಿದಳು ಎಂದು ದಾವಾ ಹೂಡಿ, ನಮ್ಮ ಸಾಹೇಬರನ್ನು ಹಿಡಿದ. ಸೋತರೆ ಆಕೆಯ ಆ ಎರಡು ಕೋಣೆಯೂ ಹೋಗುತ್ತದೆ, ಮೇಲೆ ಸುಳ್ಳುಗಾತಿ ಎಂಬ ಹೆಸರು ಬೇರೆ. ಆಕೆಗೆ ವಕೀಲರೇ ಇರಲಿಲ್ಲ. ತರಕಾರಿ ತರುವ ಚೀಲದಲ್ಲಿ ಕಾಗದ ತುಂಬಿಕೊಂಡು ಬಂದಿದ್ದಳು.

ಬೆಳಿಗ್ಗೆ ಸಾಹೇಬರು ಕರಿ ನಿಲುವಂಗಿ ಹಾಕಿಕೊಳ್ಳುತ್ತಿದ್ದಾಗ ಹೇಳಿದೆ, "ಸರ್, ಇನ್ನೂರಹನ್ನೆರಡನೇ ಪುಟ ಒಂದ್ಸಲ ನೋಡಿಬಿಡಿ. ನಮ್ಮ ಕಡೆಯವರ ಸರ್ವೇ ವರದಿ. ಅದು ನಮಗೇ ತಿರುಗಿ ಬೀಳತ್ತೆ."

"ಸ್ಟಾನ್ಲಿ, ನೀನು ಕಾಗದಕ್ಕೆ ರಿಬ್ಬನ್ ಕಟ್ಟೋದು ನೋಡ್ಕೋ. ಕೇಸು ನಾನು ನೋಡ್ಕೋತೀನಿ."

ಎಂದವರೇ ಆ ಪುಟದಿಂದ ನನ್ನ ಹಳದಿ ಚೀಟಿ ಕಿತ್ತು, ಅದರ ಹಿಂದೆ 'ಮಧ್ಯಾಹ್ನಕ್ಕೆ ಮೀನು, ಬಟಾಣಿ ಬೇಡ' ಎಂದು ಬರೆದು ನನ್ನ ಕೈಗೇ ಕೊಟ್ಟರು. ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಎಂದುಕೊಂಡು ಜೇಬಿಗೆ ಹಾಕಿಕೊಂಡೆ.

ಪಾಟೀಸವಾಲು ಶುರುವಾಯಿತು.

"ಆ ಗಿಡ ನಿಮ್ಮ ಹಿತ್ತಲಲ್ಲೇ ಇತ್ತು. ದಿನಾ ನೋಡ್ತಿದ್ರಿ. ಹೌದೋ ಅಲ್ವೋ?"

"ಬರೀ ನೋಡೋದೇನು ಸ್ವಾಮಿ, ತಿಂತಿದ್ದೆ," ಎಂದಳು ನೋರಾ.

ಜಡ್ಜಮ್ಮ ತಲೆಯೆತ್ತಿದರು.

"ಅದು ನಮ್ಮತ್ತೆ ರುಬಾರ್ಬು. ನಾನು ಹಲ್ ಬಂದರಿನೋಳು. ಮೀನು ಕೇಳಿ ಹೇಳ್ತೀನಿ, ದಂಟು ಸೊಪ್ಪು ಏನೂ ಗೊತ್ತಿರ್ಲಿಲ್ಲ. ಮದುವೆಯಾಗಿ ಬಂದ ವಾರವೇ ಅತ್ತೆ ತೋರಿಸಿ, 'ಇದು ನಮ್ಮನೆ ಹಳೇ ತಳಿ, ಎಲೆ ಚಿಕ್ಕದು, ಗೇಣುದ್ದ ಆದಾಗ ದಂಟು ಕೊಯ್ಯಿ' ಅಂದ್ರು. ಹುಳಿಹುಳಿ ಇರತ್ತೆ, ಸಕ್ಕರೆ ಹಾಕಿದ್ರೆ ಚೆನ್ನಾಗಾಗತ್ತೆ. ನಮ್ಮತ್ತೆಗೆ ಎದುರಾಡೋ ಹೆಣ್ಣು ಆ ಬೀದೀಲಿ ಹುಟ್ಟಿರ್ಲಿಲ್ಲ ಸ್ವಾಮಿ. ಐವತ್ತು ವರ್ಷ ಅದರ ಮೇಲೇ ಹಿಟ್ಟು ಬೆಣ್ಣೆ ಉದುರಿಸಿ ಕ್ರಂಬಲ್ ಬೇಯಿಸಿದೆ, ಜಾಮ್ ಮಾಡಿದೆ. ಕಳೆ ಇದ್ಯಾ ಅಂತ ಫಾರಂನಲ್ಲಿ ಕೇಳಿದ್ರು. ಇಲ್ಲ ಅಂದೆ."

ರುಬಾರ್ಬು ಎಂದರೆ ಕೆಂಪು ಹುಳಿ ದಂಟು, ಮೊರದಗಲ ಎಲೆ, ಆ ಊರಲ್ಲಿ ಮಕ್ಕಳಿಗೂ ಗೊತ್ತು. ಸಾಹೇಬರು ನಕ್ಕರು. ನಕ್ಕದ್ದು ಹಿಂದಿನ ಬೆಂಚಿಗೂ ಕೇಳಬೇಕು, ಹಾಗೆ.

"ದೇಶಕ್ಕೆಲ್ಲ ರುಬಾರ್ಬು ಬೆಳೆದು ಕಳಿಸೋ ವೇಕ್‌ಫೀಲ್ಡಲ್ಲಿ ಕೂತು ಈ ಮಾತು ಹೇಳ್ತಿದೀರಿ. ಬುದ್ಧಿ ನೆಟ್ಟಗಿರೋ ಯಾವನಮ್ಮ ಅದನ್ನ ರುಬಾರ್ಬು ಅಂತಾನೆ? ಒಬ್ಬರ ಹೆಸರು ಹೇಳಿ ನೋಡೋಣ."

ಉತ್ತರ ಗೊತ್ತಿಲ್ಲದ ಪ್ರಶ್ನೆ ಕೇಳಬಾರದು. ವಕೀಲಿ ಕಲಿಯಲು ಬಂದ ಮೊದಲ ದಿನವೇ ಹೇಳಿಕೊಡುವ ಪಾಠ ಇದು.

"ನಿಮ್ಮ ಸರ್ವೇಯರು ಸ್ವಾಮಿ. ಪ್ರೈಸ್ ಅವರು ಮನೆ ನೋಡೋಕೆ ಕಳಿಸಿದ್ರಲ್ಲ, ಬೂದು ಕೋಟಿನವ್ರು. ಗಿಡದ ಹತ್ರ ನಿಂತು 'ಒಳ್ಳೇ ಪಾತಿ' ಅಂದ್ರು. ಕ್ರಂಬಲ್ ಕೊಟ್ಟೆ, ಎರಡು ಸಲ ಹಾಕಿಸ್ಕೊಂಡ್ರು. ಹೋಗ್ತಾ ಒಂದು ಸೀಸೆ ಜಾಮೂ ತಗೊಂಡ್ರು."

ಉಂಡೂ ಹೋದ, ಕೊಂಡೂ ಹೋದ. ಜಡ್ಜಮ್ಮ ಫೈಲು ತಿರುವಿ ತಾವೇ ಓದಿದರು, "ಇನ್ನೂರಹನ್ನೆರಡನೇ ಪುಟ. 'ಹಿಂಬದಿ ಗೋಡೆಯ ಬಳಿ ರುಬಾರ್ಬ್ ಪಾತಿ, ಸೊಂಪಾಗಿದೆ.' ಓದಿದೀರಾ, ಮಿಸ್ಟರ್ ಹಾರ್ಕೋರ್ಟ್?"

ಸಾಹೇಬರ ಕಿವಿ ಕೆಂಪಾಯಿತು. ಅಲ್ಲಿಗಾದರೂ ಕೂತುಬಿಡಬಾರದೇ? ಇಲ್ಲ, ಜಂಬ ಬಿಡಬೇಕಲ್ಲ.

"ಆ ಜಾಮಿಗೆ ಊರ ಪ್ರದರ್ಶನದಲ್ಲಿ ಮೂರು ವರ್ಷ ಮೊದಲ ಬಹುಮಾನ ಬಂತು ಅಂತ ಹೇಳಿಕೆಯಲ್ಲಿ ಬರ್ದಿದೀರಿ. ಎಲ್ಲಿ ಆ ಬಹುಮಾನ ಪತ್ರ? ಒಂದಾದ್ರೂ ತೋರಿಸಿ."

"ಇಲ್ಲ ಸ್ವಾಮಿ."

"ಇಲ್ಲ," ಎಂದು ಸಾಹೇಬರು ಸಭೆಗೆಲ್ಲ ಹಂಚಿದರು. "ಯಾಕಿಲ್ಲ?"

"ವಾಪಸ್ ಕೊಟ್ಟೆ."

ನೋರಾ ತಾನೇ ಮುಂದುವರಿಸಿದಳು.

"ಅದು ರುಬಾರ್ಬು ಅಲ್ಲ ಅಂತ ನಿಮ್ಮ ಕಡೆಯಿಂದ ಕಾಗದ ಬಂತಲ್ಲ, ಮಾರನೇ ದಿನವೇ ಪ್ರದರ್ಶನದ ಸಮಿತಿಯವರ ಹತ್ರ ಹೋದೆ. ಬಹುಮಾನ ಇದ್ದದ್ದು ರುಬಾರ್ಬ್ ಜಾಮಿಗೆ. ನಂದು ರುಬಾರ್ಬೇ ಅಲ್ಲ ಅಂದ್ಮೇಲೆ ಅದು ನಂದು ಹೇಗಾಗತ್ತೆ? ಮೂರೂ ಕೊಟ್ಬಂದೆ. ಸಭೇಲಿ ಎಲ್ಲರೆದುರು ಓದಿ ಹೇಳಿದ್ರು. ತುಂಬ ನಕ್ಕರು. ಆಮೇಲೆ ನಾನು ಆ ಕಡೆ ಹೋಗಿಲ್ಲ."

ಜಡ್ಜಮ್ಮ ಪೆನ್ನು ಕೆಳಗಿಟ್ಟರು. ಊಟವಾದ ಮೇಲೆ ತೀರ್ಪು ಕೊಟ್ಟರು. ನೋರಾ ಬ್ರಾಡ್‌ಬೆಂಟ್ ನಂಬಿದ್ದನ್ನೇ ಬರೆದಿದ್ದಾರೆ, ನಂಬಲು ಕಾರಣವೂ ಇತ್ತು, ದಾವಾ ವಜಾ.

ಹೊರಗೆ ಬಂದೊಡನೆ ಸಾಹೇಬರು ನನ್ನ ಮೇಲೆ ಹಾರಿದರು. "ಆ ಪುಟದ ವಿಷಯ ಯಾಕಯ್ಯಾ ಹೇಳ್ಲಿಲ್ಲ?"

ಜೇಬಿನಿಂದ ಹಳದಿ ಚೀಟಿ ತೆಗೆದುಕೊಟ್ಟೆ.

"ಏನಿದು, ಮೀನು?"

"ಮಗುಚಿ ನೋಡಿ ಸರ್."

ಮಗುಚಿ ನೋಡಿದರು. 'ಪುಟ ೨೧೨, ಓದಲೇಬೇಕು' ಎಂದು ನನ್ನ ಅಕ್ಷರ. ಮುದುರಿ ಕಸದ ಬುಟ್ಟಿಗೆ ಎಸೆದು, ಲಂಡನ್ ರೈಲಿಗೆ ತಡವಾಯಿತೆಂದು ಹೊರಟರು. ಮೂವತ್ತೊಂದು ವರ್ಷ ಇಂಥವರ ಚೀಲ ಹೊತ್ತೆನಲ್ಲ ಎಂದು ನನಗೆ ಒಳಗೊಳಗೇ ನಗು.

ನೋರಾ ಬಾಗಿಲ ಬಳಿ ನಿಂತಿದ್ದಳು. "ಅಪ್ಪಾ, ನಾನು ಸುಳ್ಳು ಹೇಳಿಲ್ಲ ಅಂತ ಆ ತೀರ್ಪಲ್ಲಿ ಬರೆದಿರತ್ತಾ? ಎರಡು ಪ್ರತಿ ಬೇಕಿತ್ತು. ಒಂದು ಸಮಿತಿಯವರಿಗೆ."

"ಬರೆದಿರತ್ತಮ್ಮ. ನಾನೇ ಕಳಿಸ್ತೀನಿ," ಎಂದೆ. ಎದೆಯುಬ್ಬಿಸಿ ಸೇರಿಸಿದೆ, "ಆ ಪುಟ ಮೊದಲು ಕಂಡದ್ದೇ ನನಗೆ. ತಿಂಗಳ ಹಿಂದೆಯೇ."

ಆಕೆ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು.

"ತಿಂಗಳಿಂದ ಗೊತ್ತಿತ್ತಾ ನಿಂಗೆ? ಆ ಒಂದು ತಿಂಗಳು ನಾನು ನಿದ್ದೆ ಮಾಡಿಲ್ಲಪ್ಪ."

ಚೀಲ ಎತ್ತಿಕೊಂಡು ಬಸ್ ನಿಲ್ದಾಣದ ಕಡೆ ನಡೆದಳು. ಸಾಹೇಬರ ಚೀಲ ನನ್ನ ಕೈಯಲ್ಲೇ ಇತ್ತು.