ಕೆಟ್ಟ ಸಂಖ್ಯೆ ಒಂದಿದೆ ಎಂದುಕೊಳ್ಳೋಣ

೧

ಆ ದಿನ ಬೆಳಿಗ್ಗೆ ಮೋಡವಿತ್ತು, ಗಾಳಿಯಿರಲಿಲ್ಲ. ಹೀಗೆ ಶುರು ಮಾಡಬಹುದೇ? ಮಾಡಬಹುದು. ಆದರೆ ನಮ್ಮ ಕಥೆ ನಡೆಯುವುದು ಕಿಟಕಿ ಮುಚ್ಚಿದ ಕ್ಲಾಸ್‌ರೂಮಿನಲ್ಲಿ, ಟ್ಯೂಬ್‌ಲೈಟಿನ ಕೆಳಗೆ. ಮೋಡಕ್ಕೆ ಅಲ್ಲಿ ಪ್ರವೇಶವಿಲ್ಲ. (ಹಾಗಂತ ಹೊಡೆದುಹಾಕಲು ಮನಸ್ಸು ಬರುತ್ತಿಲ್ಲ. ದೇವರು ಕೊಟ್ಟ ಮೋಡ, ಇರಲಿ ಬಿಡಿ.)

ಕಥೆ ಹೇಳುವ ಅಜ್ಜಿಯರು “ಒಂದೂರಲ್ಲಿ ಒಬ್ಬಳು ಹುಡುಗಿ ಇದ್ದಳು” ಅನ್ನುತ್ತಿದ್ದರು. “ಇಲ್ಲದಿದ್ದರೆ?” ಅಂತ ಯಾವ ಮೊಮ್ಮಗುವೂ ಕೇಳುತ್ತಿರಲಿಲ್ಲ. ಗಣಿತದ ಡಿಗ್ರಿ ಕ್ಲಾಸಿನಲ್ಲಿ ಕೇಳುತ್ತಾರೆ.

೨

ಹುಡುಗಿ ಇದ್ದಳು. ಅವಳು ಮಾತಾಡಿದರೆ ಮುಂದಿನ ಬೆಂಚಿಗೂ ಕೇಳಿಸದು, ಹಾಗಾಗಿ ಎಲ್ಲರ ಬಾಯಲ್ಲೂ ‘ಪಿಸುಮಾತು’. ಓದುತ್ತಿರುವುದು ಎರಡನೇ ವರ್ಷ, ಆದರೆ ಮೊದಲ ವರ್ಷದ ಒಂದು ಪೇಪರ್ ಬೆನ್ನು ಬಿಟ್ಟಿಲ್ಲ. ಜೂನಿಯರ್‌ಗಳ ನಡುವೆ ಕೂತಿದ್ದಾಳೆ. ಈ ಸಲವೂ ಕೈಕೊಟ್ಟರೆ ಡಿಗ್ರಿ ಅಲ್ಲಿಗೇ ಮುಗಿಯಿತು. ಟೈಲರಿಂಗ್ ಮಾಡಿ ಓದಿಸುತ್ತಿರುವ ಅಕ್ಕ ಬೆಳಿಗ್ಗೆ ಹೊಲಿಗೆ ಮೆಷಿನ್‌ನಿಂದ ತಲೆ ಎತ್ತದೆಯೇ ಹೇಳಿದ್ದಳು: “ನಿನ್ ಕೈಲಿ ಆಗಲ್ಲ ಅಂದ್ರೆ ಈಗ್ಲೇ ಹೇಳಿಬಿಡೆ. ಕಾಜಾ ಹಾಕೋದು ಕಲಿಸ್ತೀನಿ.”

“ಆಗತ್ತೆ ಕಣೆ.”

“ಏನಂದೆ? ಕೇಳಿಸ್ಲಿಲ್ಲ.”

ಈ ಪೇಪರಿಗೊಂದು ಪದ್ಧತಿಯಿದೆ. ಒಬ್ಬರು ಬೋರ್ಡಿನ ಮೇಲೆ ಸಾಧನೆ, ಅಂದರೆ ಪ್ರೂಫ್, ಬರೆಯಬೇಕು. ತಪ್ಪು ಕಂಡವರು ಎದ್ದು ಹೋಗಿ ಕೈ ಚಾಚಬೇಕು. ಬರೆಯುತ್ತಿದ್ದವರಿಗೆ ಉತ್ತರ ಹೊಳೆಯದಿದ್ದರೆ ಚಾಕ್‌ಪೀಸ್ ಕೊಟ್ಟು ಬಂದು ಕೂರಬೇಕು. ಕೊನೆಯ ಸಾಲು ಬರೆದವರಿಗೆ ಮಾರ್ಕ್ಸ್. ಮೇಡಂ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾರೆ, ಎಲ್ಲ ಮುಗಿಯುವವರೆಗೆ ತುಟಿ ಬಿಚ್ಚುವುದಿಲ್ಲ. ಪಿಸುಮಾತಿಗೆ ಉಳಿದಿರುವುದು ಇವತ್ತಿನ ಸರದಿ ಮಾತ್ರ.

೩

ಸಾಧಿಸಬೇಕಾದದ್ದು ಇಷ್ಟು: ಒಂದಕ್ಕಿಂತ ದೊಡ್ಡ ಪ್ರತಿ ಪೂರ್ಣ ಸಂಖ್ಯೆಯೂ ಅವಿಭಾಜ್ಯ ಸಂಖ್ಯೆಗಳಾಗಿ ಒಡೆಯುತ್ತದೆ. (ಹನ್ನೆರಡು ಅಂದರೆ ಎರಡು, ಎರಡು, ಮೂರರ ಗುಣಲಬ್ಧ. ಹೆದರಬೇಡಿ, ಇದಕ್ಕಿಂತ ಆಳದಲ್ಲಿ ನನಗೂ ಈಜು ಬರುವುದಿಲ್ಲ.)

ಅವಳು ಬರೆದಳು: ‘ಹಾಗೆ ಒಡೆಯದ ಕೆಟ್ಟ ಸಂಖ್ಯೆ ಒಂದಾದರೂ ಇದೆ ಎಂದುಕೊಳ್ಳೋಣ. ಅಂಥವುಗಳಲ್ಲಿ ಅತಿ ಚಿಕ್ಕದನ್ನು ತೆಗೆದುಕೊಳ್ಳೋಣ.’ ಅದನ್ನು ಹಿಡಿದು ಜಗ್ಗಾಡಿ, ಅಂಥದ್ದು ಇರಲು ಸಾಧ್ಯವೇ ಇಲ್ಲ ಅಂತ ತೋರಿಸುವ ಹಂಚಿಕೆ.

“ಹೌದಾ?”

ಮೂರನೇ ಬೆಂಚಿನಿಂದ. ಯಾರು ಏನೇ ಹೇಳಲಿ, ಹೀಗೇ ಕೇಳುತ್ತಾನಾದ್ದರಿಂದ ಅವನ ಹೆಸರೇ ‘ಹೌದಾ’. ಎದ್ದು ಬಂದ, ಕೈ ಚಾಚಿದ.

“ಕೆಟ್ಟ ಸಂಖ್ಯೆ ಒಂದೂ ಇಲ್ದಿದ್ರೆ? ಖಾಲಿ ಗುಂಪಲ್ಲಿ ಚಿಕ್ಕದನ್ನ ಎಲ್ಲಿಂದ ತರ್ತೀರಿ, ಸೀನಿಯರ್?”

ಕ್ಲಾಸು “ಓಹೋ” ಅಂದಿತು. ಗುಂಪು ಖಾಲಿಯೋ ಅಲ್ಲವೋ ನೋಡದೆ ಅದರಿಂದ ಏನನ್ನೂ ಆರಿಸಬೇಡಿ ಎಂದು ಹೋದ ವಾರವಷ್ಟೇ ಮೇಡಂ ಬೈದಿದ್ದರು. ಪಿಸುಮಾತು ತನ್ನದೇ ಸಾಲನ್ನು ಎರಡು ಸಲ ಓದಿಕೊಂಡಳು. ಚಾಕ್‌ಪೀಸ್ ಕೊಟ್ಟುಬಿಟ್ಟಳು. ಗಂಟೆ ಹೊಡೆಯಿತು, ಬ್ರೇಕ್.

೪

ಓದುಗರೇ, ಇಲ್ಲೊಂದು ಗಳಿಗೆ ನಿಲ್ಲೋಣ. ಊರಲ್ಲಿ ಕಳ್ಳರಿಲ್ಲ ಅಂತ ತೋರಿಸಬೇಕಿದೆ. ‘ಇದ್ದಾರೆ ಅಂದುಕೊಳ್ಳಿ, ಅವರಲ್ಲಿ ಕುಳ್ಳನನ್ನು ಹಿಡಿಯೋಣ’ ಅಂತ ಅವಳು. ‘ಕಳ್ಳರೇ ಇಲ್ಲದಿದ್ದರೆ?’ ಅಂತ ಇವನು. ಇಲ್ಲದಿದ್ದರೆ ಇನ್ನೇನು ಬೇಕಪ್ಪಾ! ತೋರಿಸಬೇಕಿದ್ದದ್ದೇ ಅದಲ್ಲವೇ?

ಆದರೆ ಆ ಕ್ಲಾಸಿನಲ್ಲಿ ಯಾರಿಗೂ ಇದು ಹೊಳೆಯಲಿಲ್ಲ. ಹೋದ ವಾರದ ಬೈಗುಳ ಅಷ್ಟು ಚೆನ್ನಾಗಿ ಮೈಗೆ ಹತ್ತಿತ್ತು. (ಮೇಡಂಗೆ ಹೊಳೆದಿತ್ತು. ಅವರು ಟೀ ಕುಡಿಯಲು ಹೋದರು.)

೫

ಮೊದಲ ಕರಡಿನಲ್ಲಿ ಪಿಸುಮಾತು ಕಾರಿಡಾರಿನ ನಲ್ಲಿಯ ಹತ್ತಿರ ಅಳುತ್ತಾಳೆ. ಬರೆದು ನಾನೇ ಮೆಚ್ಚಿಕೊಂಡಿದ್ದೆ.

“ನಾನು ಎಲ್ಲಿ ಅತ್ತೆ?” ಅಂದಳು ಕರಡು ಓದಿದ ಪಿಸುಮಾತು. “ಹಸಿವಾಗಿತ್ತು. ಡಬ್ಬಿ ತೆಗೆದು ಊಟ ಮಾಡಿದೆ.”

“ಕಥೆಗೆ ಸ್ವಲ್ಪ ಕಣ್ಣೀರು ಇದ್ದರೆ...”

“ನೀವೇ ಅತ್ಕೊಳ್ಳಿ.”

ಆ ಪುಟ ಹರಿದೆ. ಅಷ್ಟರಲ್ಲಿ ಹೌದಾ ಬಂದ. “ನನ್ನ ವಿಲನ್ ಮಾಡ್ತಿದ್ದೀರಂತೆ?”

“ಇಲ್ಲ ಮಾರಾಯ.”

“ತಪ್ಪು ಅಂತ ನಿಜವಾಗ್ಲೂ ಅನ್ನಿಸ್ತು ನಂಗೆ, ಅದಕ್ಕೇ ಎದ್ದಿದ್ದು.”

“ಗೊತ್ತು. ವಿಲನ್ ಆಗಿದ್ದರೆ ನನ್ನ ಕೆಲಸ ಎಷ್ಟು ಸಲೀಸಾಗುತ್ತಿತ್ತು!”

೬

ಬ್ರೇಕ್ ಮುಗಿಯಿತು. ಹೌದಾ ಬೋರ್ಡು ಒರೆಸಿ ತನ್ನದೇ ದಾರಿಯಲ್ಲಿ ಶುರು ಮಾಡಿದ. ಒಂದು ದಾರಿ ಮುಂದೆ ಹೋಗಲಿಲ್ಲ, ಅಳಿಸಿದ. ಇನ್ನೊಂದೂ ಹೋಗಲಿಲ್ಲ. ಮೂರನೆಯದರಲ್ಲಿ ಕೈ ತಾನಾಗಿಯೇ ಬರೆಯಿತು: ‘ಕೆಟ್ಟ ಸಂಖ್ಯೆ ಒಂದಿದೆ ಎಂದುಕೊಳ್ಳೋಣ.’

ಕೈ ನಿಂತಿತು. ಬೆನ್ನು ಮಾತ್ರ ಕಾಣುತ್ತಿದ್ದರೂ ಅವನ ಕಿವಿ ಕೆಂಪಾದದ್ದು ನನಗೆ ಕಾಣಿಸಿತು.

ಮುಕ್ತಾಯ ಅ: ಮೇಡಂ ಎದ್ದು ನ್ಯಾಯ ಹೇಳುತ್ತಾರೆ. (ಪದ್ಧತಿ ಮುರಿದಂತಾಗುತ್ತದೆ. ಬಿಟ್ಟೆ.)

ಮುಕ್ತಾಯ ಆ: ಪಿಸುಮಾತು ಎದ್ದು ನಿಂತು ಗುಡುಗುತ್ತಾಳೆ. (“ನಂಗಿನ್ನೂ ಹೊಳೆದೇ ಇಲ್ಲ, ಏನಂತ ಗುಡುಗಲಿ?” ಬಿಟ್ಟೆ.)

ಮುಕ್ತಾಯ ಇ: ಹೌದಾ ಅವಳ ದಾರಿಯಲ್ಲೇ ಮುಂದೆ ನಡೆದು ಕೊನೆಯ ಸಾಲು ಬರೆಯುತ್ತಾನೆ. ಯಾರೂ ಎದ್ದು ಕೇಳುವುದಿಲ್ಲ. ಮಾರ್ಕ್ಸ್ ಅವನಿಗೆ. ಇದರಲ್ಲಿ ತರ್ಕದ ತಪ್ಪು ಹುಡುಕಿ ಸೋತೆ. ಅವನೂ ಅದನ್ನೇ ಹುಡುಕುತ್ತಿದ್ದ ಅಂತ ಕಾಣುತ್ತದೆ.

೭

ಅವಳು ಪಾಸಾದಳೇ ಅಂತ ಕೇಳಬೇಡಿ, ಹೇಳುವುದಿಲ್ಲ. ಸಾಧನೆ ಇನ್ನೂ ಅರ್ಧ ಬಾಕಿ ಇದೆ, ಅದನ್ನು ಅವಳೇ ಬರೆಯಬೇಕು, ನಡುವೆ ಮತ್ತ್ಯಾರೋ ಏಳಬಹುದು. ಅಕ್ಕನಿಗೇ ಸಂಜೆಯವರೆಗೆ ತಿಳಿಯುವುದಿಲ್ಲ, ನಿಮಗೇನು ಅವಸರ?

ನನಗೆ ಗೊತ್ತಿರುವುದು ಇಷ್ಟೇ. ಹೌದಾ ಬೋರ್ಡು ಬಿಟ್ಟು ಬೆಂಚುಗಳ ನಡುವೆ ನಡೆದು ಬಂದ. ಎಲ್ಲರೂ ನೋಡುತ್ತಿದ್ದರು. ಅವಳ ಮುಂದೆ ನಿಂತ. ಮೊದಲ ಸಲ ಅವನ ದನಿ ಅವಳದಕ್ಕಿಂತ ಸಣ್ಣಗಿತ್ತು.

“ಇಲ್ದಿದ್ರೆ ಇನ್ನೂ ಒಳ್ಳೇದೇ ಅಲ್ವಾ, ಸೀನಿಯರ್? ನಿಮ್ದು ಸರಿಯಿತ್ತು.”

ಅವಳ ಅಂಗೈ ಬಿಡಿಸಿ ಚಾಕ್‌ಪೀಸ್ ಇಟ್ಟ.