ಕಾರಣ ಬರೆಸಿಕೊಳ್ಳುತ್ತಿದ್ದ ಭಾವ

ನಮ್ಮ ಭಾವ ಕೂತಲ್ಲೇ ಒಂದು ಮಾತು ಮುಗಿಸಿದ್ದನ್ನು ನಾನು ಕಂಡಿಲ್ಲ. ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ಎದ್ದು, ಅಕ್ಕ ಹೊಲಿದುಕೊಟ್ಟ ಬೂದುಬಣ್ಣದ ಕೋಟಿನ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಳ್ಳುತ್ತ, ಮೇಜಿನಿಂದ ಕಿಟಕಿಗೆ, ಕಿಟಕಿಯಿಂದ ಮೇಜಿಗೆ ಕಾಲು ಸುಟ್ಟ ಬೆಕ್ಕಿನಂತೆ ತಿರುಗುತ್ತ, ಉಳಿದರ್ಧವನ್ನು ಗೋಡೆಗೆ ಹೇಳುತ್ತಿದ್ದರು. "ಇನ್ನೊಂದೇ ಸಲ ಬರೆದುಬಿಡ್ತೀನಿ" ಎಂಬುದು ಅವರ ಪಲ್ಲವಿ.

ಅಕ್ಕ ಹೊಲಿಗೆ ಕಲಿಸುವವಳು. ಕಣ್ಣು ಮಂಜಾಗತೊಡಗಿದಾಗ, ಪೂರ್ತಿ ಕಾಣದಂತಾಗುವ ಮೊದಲು, ಬಟ್ಟೆ ಕತ್ತರಿಸುವ ತನ್ನ ಅಳತೆಗಳನ್ನೆಲ್ಲ ಶಿಷ್ಯೆಯರಿಗಾಗಿ ಒಂದು ಜಾಲತಾಣದಲ್ಲಿ ಇಡಬೇಕೆಂದಳು. ವಾರದ ಕೆಲಸ. ಆದರೆ ಭಾವನವರ ಜಾಯಮಾನಕ್ಕೆ ತಾಣ ಕಟ್ಟುವುದು ಅಲ್ಪ. ತಾಣ ಕಟ್ಟಿಕೊಡುವ ತಂತ್ರಾಂಶವೆಂಬ ಯಂತ್ರವನ್ನೇ ಕಟ್ಟಹೊರಟರು. ಅಕ್ಕ ಬ್ರೌಸರಿನಲ್ಲೇ ತಿದ್ದುವಂತಿರಬೇಕು, ಒತ್ತಿದೊಡನೆ ಪುಟಗಳು ಸಿದ್ಧವಾಗಬೇಕು, ಹಳೆಯ ಪ್ರತಿ ಒಂದೂ ಅಳಿಯಬಾರದು, "ಏಕೆ?" ಎಂಬ ಚೌಕದಲ್ಲಿ ಒಂದು ಸಾಲು ಕಾರಣ ಬರೆಯದೆ ಯಾವ ತಿದ್ದುಪಡಿಯನ್ನೂ ಉಳಿಸುವಂತಿಲ್ಲ. ಎರಡು ವರ್ಷದಲ್ಲಿ ಎರಡು ಸಲ ಕೆಡವಿ ಕಟ್ಟಿದರು. ಅಕ್ಕನ ಹನ್ನೊಂದು ಪುಟಗಳು ಮನೆಯ ಹೊಸ್ತಿಲು ದಾಟಲಿಲ್ಲ. ನನಗೆ ಮೈ ಉರಿಯುತ್ತಿತ್ತು. "ನೀವು ಕೋಟಿನ ಗುಂಡಿ ಸರಿಯಾಗಿ ಹಾಕ್ಕೊಂಡ ದಿನ ನನ್ನ ಪುಟ ಹೊರಗೆ ಬರುತ್ತೆ" ಎಂದು ಅಕ್ಕ ಮಾತ್ರ ನಗುತ್ತಿದ್ದಳು.

ಮೂರನೆಯ ಸಲ ಕೆಡವಲು ಕೂತ ದಿನ ನಾನು ಅಲ್ಲಿದ್ದೆ. ಹಳೆಯ ತಿದ್ದುಪಡಿಗಳ ಕಸವೆಲ್ಲ ಹೊಸ ಯಂತ್ರಕ್ಕೆ ಬೇಡ, ಪುಟಗಳ ಕೊನೆಯ ಪ್ರತಿ ಇದ್ದರೆ ಸಾಕೆಂದು ಅಳಿಸಹೊರಟ ಭಾವ, ಎಷ್ಟಿವೆಯೋ ನೋಡೋಣವೆಂದು ಪಟ್ಟಿ ತೆರೆದರು. ಆ ಚೌಕ ಕೆಲಸ ಮಾಡುತ್ತದೆಯೇ ಎಂದು ನೂರು ಸಲ ಪರೀಕ್ಷಿಸಿದ್ದ ಮನುಷ್ಯ ಅದರಲ್ಲಿ ಅಕ್ಕ ಬರೆದದ್ದನ್ನು ಒಮ್ಮೆಯೂ ಓದಿರಲಿಲ್ಲ.

"ಕೊರಳಿನ ಅಳತೆ ತಿದ್ದಿದೆ. ನಿಮ್ಮ ಕೋಟು ಬಿಗಿಯಾಗಿದ್ದು ಇದರಿಂದಲೇ."

"ಮೂರು ಎಂಟಾಗಿ ಕಂಡಿತ್ತು."

"ಅಕ್ಷರ ದೊಡ್ಡದು ಮಾಡಿ ಅಂತ ಇದು ಆರನೇ ಸಲ ಬರೀತಿದೀನಿ."

ಕೊನೆಯದು ಹಿಂದಿನ ವಾರದ್ದು: "ತಿದ್ದಿದ್ದೇನೂ ಇಲ್ಲ. ಇವತ್ತು ಓದೋಕಾಗಲಿಲ್ಲ."

ಭಾವ ಏಳಲಿಲ್ಲ, ತಿರುಗಲಿಲ್ಲ. ಅಂದು ಮಧ್ಯಾಹ್ನದೊಳಗೆ ಅಕ್ಷರ ದೊಡ್ಡದು ಮಾಡಿ, ಹಳೆಯ ಯಂತ್ರದಿಂದಲೇ, ಅದರ ಎಲ್ಲ ಕುಂದುಗಳ ಸಮೇತ, ಹನ್ನೊಂದು ಪುಟಗಳನ್ನೂ ಪ್ರಕಟಿಸಿದರು. ಕೋಟಿನ ಗುಂಡಿಗಳು ಆಗಲೂ ತಪ್ಪಾಗಿಯೇ ಇದ್ದವು. ಅಕ್ಕ ಪರದೆಗೆ ಮೂಗು ತಾಗಿಸಿ ಮೊದಲ ಪುಟದ ಶೀರ್ಷಿಕೆಯನ್ನು ಓದಿದಳು. ಅವಳ ಕಣ್ಣಿಗೆ ಆದದ್ದು ಅಷ್ಟೇ.

"ಉಳಿದದ್ದು ನೀವೇ ಓದಿ ಹೇಳಿ" ಎಂದಳು.

ಭಾವ ಕೂತಲ್ಲೇ ಓದಿದರು, ಕೊನೆಯ ಸಾಲಿನವರೆಗೆ. ನನ್ನ ಸಿಟ್ಟು ಎಲ್ಲಿಗೆ ಹೋಯಿತೋ ತಿಳಿಯದು. ಲೋಕದಲ್ಲಿ ಏನೊಂದೂ ಕಳೆದುಹೋಗಬಾರದೆಂದು ಜೀವ ತೇಯುವ ಇಂಥವರು ನಮ್ಮ ನಡುವೆ ಅನೇಕರಿದ್ದಾರೆ. ಅವರು ನಮ್ಮ ಒಂದೊಂದು ಮಾತನ್ನೂ ಜೋಪಾನವಾಗಿ ಎತ್ತಿಡುತ್ತಾರೆ, ಕೇಳಿಸಿಕೊಳ್ಳುವ ಮೊದಲೇ.